ಇ, ಜ್ಞ, ಡ

ತಣ್ಣೀರುಹಳ್ಳದ ತಿರುವಿನಲ್ಲಿ ನಮ್ಮ ಗುಜರಿ.
ಕುಡಿದವರ ಲೆಕ್ಕ ನನಗೆ ಕಿಲೋದಲ್ಲಿ.
ಹಾಸನದ ಭಾನುವಾರವೆಲ್ಲ ಸೋಮವಾರ ಬೆಳಗ್ಗೆ
ಗೋಣಿಚೀಲ ಹೊತ್ತು ಬಂದು ತಕ್ಕಡಿಗೆ ಕೂರುತ್ತದೆ.
ಒಳಗಿದ್ದದ್ದು ನಮಗೆ ಹರಾಮು, ಸರಿ.
ಅಲ್ಯೂಮಿನಿಯಂ ಏನು ಪಾಪ ಮಾಡಿದೆ?

ಕೈಗಾರಿಕಾ ಬಡಾವಣೆಗೆ ಯಂತ್ರ ಕೂರಿಸಲು ಬಂದ
ಜಪಾನಿನ ನಕಾಹರ ಸಾಹೇಬರ ಮನೆಯಿಂದ
ಡ್ರೈವರ್ ರಂಗಶೆಟ್ಟಿ ತಂದ ಚೀಲ ಬೇರೆ ಥರ.
ಡಬ್ಬಿಗಳನ್ನು ತೊಳೆದಿದ್ದರು!
ಮೂವತ್ತು ವರ್ಷದಲ್ಲಿ ತೊಳೆದ ಗುಜರಿ ಕಂಡದ್ದು ಅದೇ ಮೊದಲು.
ಒಂದು ನೊಣ ಬಂದು, ಸುತ್ತಿ, ಬೇಜಾರಾಗಿ ಹೋಯಿತು.

ಅಯಸ್ಕಾಂತ ಹಿಡಿದೆ, ಕಚ್ಚಲಿಲ್ಲ. ಅಸಲಿ ಮಾಲು.
ಬೆಳ್ಳಿ ಬಣ್ಣದ ಅಸಾಹಿ, ನಾಲಿಗೆ ಒಣಗಿಸುವಂಥದ್ದಂತೆ,
ಕುಡಿದಷ್ಟೂ ಇನ್ನೊಂದಕ್ಕೆ ಕೈ ಚಾಚಿಸುವಂಥದ್ದು.
ಕಿರಿನ್ ಮೈಮೇಲೆ ಕೇಸರ ಕೆದರಿದ ಮೃಗ,
ಬೇಲೂರಿನ ಗೋಡೆಯಿಂದ ಇಳಿದು ಹೋದದ್ದಿರಬೇಕು.
ನಕ್ಷತ್ರ ಹೊತ್ತ ಸಪ್ಪೊರೊ.
ಕಂಕುಳಲ್ಲಿ ಮೀನಿಟ್ಟುಕೊಂಡು ನಗುವ ದೇವರ ಎಬಿಸು.
ಡಿಕಾಕ್ಷನ್ ಬಣ್ಣದ ಕರಿ ಬಿಯರಿನದೊಂದು,
ಎರಡೇ ಗುಟುಕಿನ ಹೆಬ್ಬೆರಳುದ್ದದ ಪುಟಾಣಿಯೊಂದು,
ಕೆಂಪೆಲೆ ಅಚ್ಚಾದದ್ದು ಶರತ್ಕಾಲಕ್ಕೆ ಮಾತ್ರವಂತೆ,
ಗೌರಿಹಬ್ಬಕ್ಕೆ ಪಕ್ಕದ ಮನೆಯಿಂದ ಬರುವ ಕರ್ಜಿಕಾಯಿಯ ಹಾಗೆ.

ರಂಗಶೆಟ್ಟಿ ಸಾಹೇಬರಿಂದ ಕಲಿತು ನನಗೂ ಪಾಠ ಹೇಳಿದ:
ಬಾರ್ಲಿ ಮೊಳಕೆ ಕಮ್ಮಿ ಹಾಕಿದರೆ ಸುಂಕ ಕಮ್ಮಿ,
ಆದರೆ ಅದನ್ನು ಬಿಯರ್ ಅನ್ನಕೂಡದು, ಹಪ್ಪೋಶು ಅನ್ನಬೇಕು.
ಸರ್ಕಾರ ಅದಕ್ಕೂ ಸುಂಕ ಏರಿಸಿತು.
ಇವರು ಬಟಾಣಿಯಿಂದಲೇ ನೊರೆ ಎಬ್ಬಿಸಿದರು.
ಚಾಪೆ ಕೆಳಗೆ ಅವರು, ರಂಗೋಲಿ ಕೆಳಗೆ ಇವರು.
‘ಹಂಗಾದ್ರೆ ನಮ್ಮ ಅವರೆಕಾಳಲ್ಲೂ ಆಗ್ಬೇಕಲ್ಲ ಬಾಬಣ್ಣ?’

ಮಗಳು ಮುಬೀನಾ ಡಬ್ಬಿ ವಿಂಗಡಿಸುತ್ತಾಳೆ.
ಕಣ್ಣಿಲ್ಲ, ಬೆರಳಿದೆ.
ಅವತ್ತು ಒಂದರ ನೆತ್ತಿ ಸವರುತ್ತಾ ನಿಂತುಬಿಟ್ಟಳು,
ತೆರೆದ ಬಾಯಿಯ ಪಕ್ಕ, ಸಾಸಿವೆಗಿಂತ ಸಣ್ಣ ಉಬ್ಬು ಚುಕ್ಕಿ.
ಮೈಸೂರಿನ ಶಾಲೆಯಲ್ಲಿ ಕಲಿತ ಹಾಗೆ ಓದಿದಳು:
ಇ. ಜ್ಞ. ಡ.
‘ಅಬ್ಬಾ, ಇದೆಂಥ ಭಾಷೆ?’
ಇನ್ನೊಂದು ಡಬ್ಬಿ: ಇಜ್ಞಡ. ಮತ್ತೊಂದು: ಇಜ್ಞಡ.
ರಾತ್ರಿ ನಿದ್ದೆಯಲ್ಲೂ ಅಂದಿರಬೇಕು.

ರಂಗಶೆಟ್ಟಿ ಉತ್ತರ ತಂದ.
ಅವರ ಲೆಕ್ಕದಲ್ಲಿ ಅದೇ ಚುಕ್ಕಿ ‘ಒಸಾಕೆ’.
ಅಂದರೆ ಹೆಂಡ. ಕಾಣದವರು ಶರಬತ್ತೆಂದು ಕುಡಿದಾರು,
ಹೇಳಿಬಿಡೋಣ ಅಂತ.
ಅವಳು ನಗಲಿಲ್ಲ.
ಏಳು ವರ್ಷದವಳಿದ್ದಾಗ ಇದೇ ಅಂಗಡಿಯಲ್ಲಿ
ಜೀರಿಗೆ ಸೋಡಾ ಬಾಟಲಿಯಲ್ಲಿ ನಾನಿಟ್ಟ ಥಿನ್ನರ್ ಎತ್ತಿ ಕುಡಿದಿದ್ದಳು.
ಜಿಲ್ಲಾಸ್ಪತ್ರೆ, ಮೂಗಿಗೆ ನಳಿಕೆ, ಒಂಬತ್ತು ದಿನ.
ಆ ಬಾಟಲಿ ಏನೂ ಹೇಳಿರಲಿಲ್ಲ.
ನಾನೂ.

ಫೆಬ್ರವರಿಯ ಚೀಲದಲ್ಲಿ ಅದೇ ಬೆಳ್ಳಿ, ಅದೇ ನೊರೆಯ ಚಿತ್ರ,
ಮುಬೀನಾ ಕೈಯಾಡಿಸಿ ಅಂದಳು,
‘ಬಿಟ್ಟಿದ್ದಾರೆ. ಒಂದರ ಮೇಲೂ ಚುಕ್ಕಿಯಿಲ್ಲ.’
ರಂಗಶೆಟ್ಟಿ ಬೆಚ್ಚಿದ. ದಿನಾ ಕಾರಿನಲ್ಲಿ ಕೂರಿಸಿಕೊಂಡು ಹೋಗುವವನಿಗೇ
ಗೊತ್ತಿರಲಿಲ್ಲ ಅಮಲಿಲ್ಲದ ಬಿಯರೂ ಉಂಟೆಂದು,
ಸಾಹೇಬರು ಅದಕ್ಕಿಳಿದಿದ್ದಾರೆಂದು.
ಯಾಕೆ ಎಂದು ಯಾರೂ ಕೇಳಲಿಲ್ಲ.
ಯಂತ್ರ ತಿರುಗಿತು. ಅವರು ಹೋದರು.

ಡಬ್ಬಿಗಳೆಲ್ಲ ಅಚ್ಚಿನಲ್ಲಿ ಅಪ್ಪಚ್ಚಿಯಾಗಿ ಲಾರಿ ಹತ್ತಿದವು.
ಒಂದಷ್ಟನ್ನು ಮುಬೀನಾ ಕತ್ತರಿಯಲ್ಲಿ ಪಟ್ಟಿ ಮಾಡಿ,
ಮೊಳೆಯಲ್ಲಿ ಕುಟ್ಟಿ ಅಕ್ಷರ ಎಬ್ಬಿಸಿದಳು.
ಬ್ಯಾಟರಿ ಆಸಿಡ್ಡಿಗೆ ಒಂದು. ಥಿನ್ನರಿಗೆ ಒಂದು.
ಕುಡಿಯುವ ನೀರಿನ ಕೊಡಕ್ಕೂ ಒಂದು.

ನಿನ್ನೆ ಮಧ್ಯಾಹ್ನ, ಯಾರೂ ಇಲ್ಲವೆಂದು
ಗಲ್ಲಾಪೆಟ್ಟಿಗೆಯ ಹಿಂದಿನ ಜರ್ದಾ ಡಬ್ಬಿಗೆ ಕೈ ಹಾಕಿದೆ.
ಮುಚ್ಚಳದ ಮೇಲೆ ಒರಟಾಗಿ ಏನೋ ತಗುಲಿತು,
ಮೂರು ಅಕ್ಷರ.
ನನಗೆ ಆ ಲಿಪಿ ಬಾರದು.
ಓದಿದೆ.