ಕಾರಣ: ಒಂದೂವರೆ ಗೆರೆ

ಕಾರಣ ಬರೆಯಲು ಅರ್ಜಿಯಲ್ಲಿ ಬಿಟ್ಟಿದ್ದು
ಒಂದೂವರೆ ಗೆರೆ.
ಮೊದಲ ಸಲ ಬರೆದೆ: ಹುಬ್ಬಿನ ಮೂಳೆ, ದವಡೆ, ಗಂಟಲ ಗಂಟು.
ಮೂರನೇ ಕೌಂಟರಿನ ನಾಗ್ವೇಕರ ಮಾಸ್ತರು
(ಮಾಸ್ತರಲ್ಲ, ಆಸ್ಪತ್ರೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ)
ಕನ್ನಡಕ ಮೇಲೆತ್ತಿ ಓದಿ
ಪೆನ್ಸಿಲಿನಲ್ಲಿ, ಅಳಿಸಲು ಬರುವಂತೆ, ಬದಿಗೆ ಬರೆದರು:
ಸೌಂದರ್ಯವರ್ಧಕ.

"ಎದೆಗೆ ಬರ್ತದೆ ತಂಗಿ, ಕೆಳಗಿಂದಕ್ಕೂ ಬರ್ತದೆ,
ಮುಖಕ್ಕೆ ಕೋಡ್ ಇಲ್ಲ.
ಕಂಪ್ಯೂಟರೇ ತಗೊಳ್ಳೂದಿಲ್ಲ, ಬೇಕಾದ್ರೆ ನೋಡು."
ಪರದೆ ತಿರುಗಿಸಿದರು.
ಗಾಜಿನ ಮೇಲೆ ಕಿಟಕಿಯ ಬೆಳಕು,
ಬೆಳಕಿನಲ್ಲಿ ನನ್ನ ದವಡೆ.
ತಂಗಿ ಎಂದಿದ್ದರಲ್ಲ,
ಸಿಟ್ಟು ಮಾಡಲೂ ಆಗಲಿಲ್ಲ.

ಸೀರೆ ಸರಿಸಿ ಯಾರೂ ನೋಡುವುದಿಲ್ಲ ಮಾಸ್ತರೇ.
ಬೈತಕೋಲ ಬಂದರಿನಲ್ಲಿ ನಸುಕಿನ ಐದಕ್ಕೆ
ಬುಟ್ಟಿ ಹಿಡಿದು ಹರಾಜಿಗೆ ನಿಂತರೆ
ಬಂಗಡೆಯನ್ನಾದರೂ ಕಿವಿರು ಎತ್ತಿ ಪರೀಕ್ಷಿಸುತ್ತಾರೆ,
ನನಗೆ ಅಷ್ಟೂ ಇಲ್ಲ.
ಮಾಜಾಳಿ ಗೇಟಿನ ಪೊಲೀಸನಿಗೆ ಕಾರ್ಡು ಕೊಟ್ಟೆ.
ಸುಗಂಧಾ ತಾಂಡೇಲ, ಸ್ತ್ರೀ, ಕೆಳಗೆ ದೊಡ್ಡ ಸಹಿ.
ಕಾರ್ಡು ನೋಡಿ, ಮುಖ ನೋಡಿ,
ಮತ್ತೆ ಕಾರ್ಡು ನೋಡಿ
ಬಸ್ಸಿನವರಿಗೆಲ್ಲ ಕೇಳುವಂತೆ ನಕ್ಕ.
ಅದನ್ನು ಒಂದೂವರೆ ಗೆರೆಯಲ್ಲಿ
ಹೇಗೆ ಹಿಡಿಸಲಿ?

ಬಲೆ ಬಂದ್ ಇರುವ ಎರಡು ತಿಂಗಳು
ದೋಣಿಗಳನ್ನು ದಡಕ್ಕೆಳೆದು, ಮಗುಚಿ, ಚಿಪ್ಪು ಕೆರೆಯುತ್ತಾರೆ.
ಕಾಕಾ ಹೋದ ವರ್ಷ
ಮೂತಿಯ ಹಲಗೆಯನ್ನೇ ಕಿತ್ತು ಹೊಸದು ಕೂಡಿಸಿದ,
ನೀರು ಸರಿಯಾಗಿ ಸೀಳುತ್ತಿಲ್ಲ ಅಂತ.
ಅರ್ಧ ದುಡ್ಡು ಇಲಾಖೆಯದು.
ನಿನ್ನ ದೋಣಿಗೆ ಚಂದ ಯಾಕೆ ಬೇಕು
ಅಂತ ಯಾರೂ ಕೇಳಲಿಲ್ಲ ಅವನನ್ನು.

ಇದನ್ನೆಲ್ಲ ಹೇಳಲಿಲ್ಲ ಅವತ್ತು.
"ಇನ್ನೊಂದು ಫಾರ್ಮ್ ಕೊಡಿ" ಅಂದೆ.

ಎರಡನೆಯದಕ್ಕೆ ತಲೆಯ ಎಕ್ಸ್‌ರೇ ಬೇಕಂತೆ.
ಉಸಿರು ಹಿಡಿದು ನಿಂತೆ.
ಇನ್ನೂ ಬಿಸಿಯಿದ್ದ ಫಿಲ್ಮನ್ನು ಹುಡುಗಿ ಕಿಟಕಿಗೆ ಹಿಡಿದಳು,
ಆಚೆ ಸಮುದ್ರ.
ನನ್ನ ಕಣ್ಣ ಕುಳಿಯಲ್ಲಿ ದೇವಗಡದ ದೀಪಸ್ತಂಭ,
ಹಲ್ಲಿನ ಸಾಲಿನ ಕೆಳಗೆ ಮೆಲ್ಲಗೆ ದಾಟುವ ಒಂದು ಟ್ರಾಲರು.
"ಇದ್ರಲ್ಲಿ ಗಂಡೋ ಹೆಣ್ಣೋ ಏನ್ ತಿಳೀತದೆ" ಅಂದಳು, ಒಳ್ಳೆಯ ಮನಸ್ಸಿನಿಂದಲೇ.
ನನಗೆ ತಿಳಿಯಿತು.
ಹುಬ್ಬಿನ ಮೇಲಿನ ಆ ಏಣು,
ಹದಿನಾಲ್ಕನೇ ವಯಸ್ಸಿಗೆ ಎದ್ದದ್ದು,
ಕಾಳಿಯ ಬಾಯಲ್ಲಿ ರಾತ್ರಿ ಕಳೆಯುವುದರೊಳಗೆ
ಮರಳದಿಬ್ಬ ಏಳುತ್ತದಲ್ಲ, ಹಾಗೆ.
ಅಲ್ಲಿಂದ ಇಲ್ಲಿಯವರೆಗೆ
ಪ್ರತಿ ಬೆಳಿಗ್ಗೆ ಕನ್ನಡಿಯಲ್ಲಿ ತಳ ತಗುಲುತ್ತದೆ.

ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ಆಯಿ ಬಹಳ ಹೊತ್ತು ನೋಡಿದಳು.
"ಇದು ನಿನ್ನಪ್ಪಂದೇ ಹಣೆ.
ಸಮುದ್ರ ಅವನ ಫೋಟೋ ಸುದ್ದಾ ಬಿಡ್ಲಿಲ್ಲ.
ಇದನ್ನೂ ಕೆತ್ತಿಸ್ತೀಯಾ?"
ಒಲೆಯ ಮೇಲೆ ಅನ್ನ ಉಕ್ಕಿತು,
ಇಬ್ಬರೂ ಏಳಲಿಲ್ಲ.
ಇದಕ್ಕೆ ಯಾವ ಫಾರ್ಮಿನಲ್ಲೂ ಕಾಲಮ್ಮಿಲ್ಲ.

ಫೈಲು ಸ್ಪಷ್ಟೀಕರಣಕ್ಕೆ ಬೆಂಗಳೂರಿಗೆ ಹೋಗಿದೆ.
ಏಳು ತಿಂಗಳು. ಹದಿಮೂರು ಸಲ ಕೌಂಟರು.
ಕಳೆದ ಸೋಮವಾರ ಮಾಸ್ತರು ನಕಲು ಪ್ರತಿ ತೆಗೆದು ತೋರಿಸಿದರು.
ಪೆನ್ಸಿಲಿನ ಶಬ್ದ ಅಳಿಸಿದೆ, ಕಾಗದ ಅಲ್ಲಿ ತೆಳ್ಳಗಾಗಿದೆ,
ಆ ತೆಳುವಿನ ಮೇಲೆ ಶಾಯಿಯಲ್ಲಿ: ಚಿಕಿತ್ಸೆ.
ಪಕ್ಕದಲ್ಲೊಂದು ಪ್ರಶ್ನಾರ್ಥಕ,
ಅದು ಮಾತ್ರ ಪೆನ್ಸಿಲು.

ಗ್ರಹಣದ ದಿನ ಕೋಡಿಬಾಗದ ನಮ್ಮ ಕೇರಿಯಲ್ಲಿ
ಹಳೇ ಎಕ್ಸ್‌ರೇ ಇದ್ದದ್ದು ನಮ್ಮಲ್ಲೊಂದೇ.
ಮಕ್ಕಳು ಬಾಗಿಲಿಗೆ ಬಂದರು.
ಮೂಳೆಯಲ್ಲಿ ನೋಡಬೇಡಿ, ಕಣ್ಣು ಹೋದೀತು,
ಹಣೆ ಮುಗಿದ ಮೇಲಿನ ಕಪ್ಪಿನಲ್ಲಿ ನೋಡಿ, ಒಂದೇ ಕ್ಷಣ, ಅಂದೆ.
ಎತ್ತಿ ಹಿಡಿದೆ.
ನನ್ನ ಹುಬ್ಬು ಎಲ್ಲಿ ನಿಲ್ಲುತ್ತದೋ ಅದರಾಚೆ
ಸೂರ್ಯನ ದವಡೆಯನ್ನು ಯಾರೋ
ಒಂದೊಂದೇ ಎಳೆ ಕೆರೆದು ತೆಗೆಯುತ್ತಿದ್ದರು.

ಸಾವೆರನ ಮಗಳು ಇವೆಟ್, ಐದು ವರ್ಷದವಳು,
ತುದಿಗಾಲಲ್ಲಿ ನಿಂತು ನನ್ನ ಮೊಣಕೈ ಜಗ್ಗಿದಳು:
"ಅಕ್ಕಾ, ಕೆಳಗೆ ಹಿಡಿ.
ನಂಗೆ ಕಾಣ್ತಿಲ್ಲ."