ಕೀಲೆಣ್ಣೆ

ಬೈನಾದ ಗುಡ್ಡದ ಮೇಲೆ, ತಗಡಿನ ಕೆಳಗೆ,
ಹನ್ನೆರಡು ವರ್ಷದಿಂದ ನಾನು ಲೆಕ್ಕ ಬರೆಯುತ್ತೇನೆ.
ಬರೆದದ್ದೆಲ್ಲ ನಿಜವಲ್ಲ; ಕದ್ದದ್ದೂ ಏನಿಲ್ಲ.

ಬಾಡಿಗೆಯನ್ನು ಶೇಂಗಾ ಚಿಕ್ಕಿ ಎಂದು ಬರೆದಿದ್ದೇನೆ.
ಲೈಟ್ ಬಿಲ್ಲನ್ನು ಮಕ್ಕಳ ಚಿತ್ರಕಲೆ ಎಂದು.
ಮೆಹಬೂಬಿಯ ಎರಡು ತಿಂಗಳ ಪಗಾರ
ಒಂದು ವರ್ಷ 'ಜಾಗೃತಿ ಜಾಥಾ' ಆಗಿತ್ತು.
ಆ ಜಾಥಾದಲ್ಲಿ ನಡೆದವಳು ಅವಳೊಬ್ಬಳೇ,
ಮನೆಯಿಂದ ಬಾಲವಾಡಿಗೆ, ಬಾಲವಾಡಿಯಿಂದ ಮನೆಗೆ.

ಕೊಡುವವರು ಕೊಟ್ಟರು, ಇಲ್ಲವೆನ್ನಲಾರೆ.
ತಮ್ಮ ಹೆಸರು ಅಚ್ಚು ಹಾಕಿಸಿದ ನಲವತ್ತು ಪಾಟೀಚೀಲ.
ಬಂದರಿನ ಕಲ್ಲಿದ್ದಲ ಧೂಳಿಗೆ
ಮೂರೇ ವಾರಕ್ಕೆ ಹೆಸರು ಕಪ್ಪಾಯಿತು, ಚೀಲ ಗಟ್ಟಿ ಉಳಿದವು.
ಚೀಲ ಇಡುವ ಕಪಾಟು ಕೇಳಿದರೆ
"ಅದು ನಮ್ಮ ಯೋಜನೆಯಲ್ಲಿಲ್ಲ" ಅಂದರು.
ಒಬ್ಬರು ಫೋಟೋಕ್ಕೆ ನಿಂತು, ಮೇಲೆ ಸೋರುವುದನ್ನು ಕಂಡು
ಸ್ವಲ್ಪ ಸರಿದು ನಿಂತರು.

"ಬಂಡಿಗೆ ಹೇರು ಹಾಕೋರು ಭಾಳ, ತಂಗೀ,
ಕೀಲಿಗೆ ಎಣ್ಣಿ ಕೊಡೋರು ಯಾರದಾರ?"
ಇದು ನೀಲಗಂಗವ್ವ. ಕೊಪ್ಪಳದ ಕಡೆಯವಳು.
ಯಾವ ಮಗುವಿನ ಅಪ್ಪ ಯಾವ ಗುತ್ತಿಗೆದಾರನ ಕೈಯಲ್ಲಿ,
ಯಾರ ರೇಷನ್ ಕಾರ್ಡು ಯಾವ ಗುಮಾಸ್ತನ ಡ್ರಾವರಿನಲ್ಲಿ,
ಬ್ಯಾಂಕಿನ ಪಾಸ್‌ವರ್ಡು, ಕಪಾಟಿಲ್ಲದ ಕಾಗದಪತ್ರ,
ಎಲ್ಲ ಆಕೆಯ ತಲೆಯಲ್ಲಿ, ಸೆರಗಿನ ಗಂಟಿನಲ್ಲಿ.
ಆಕೆಗೆ ಕಾಮಾಲೆಯಾದ ಇಪ್ಪತ್ತೊಂದು ದಿನ
ಸಂಸ್ಥೆಗೂ ಕಾಮಾಲೆ.
ಮಕ್ಕಳು ಬಂದು, ಬಾಗಿಲ ಕೀಲಿ ಅಲ್ಲಾಡಿಸಿ ಹೋದರು.

ಆಮೇಲೆ ಮಡಗಾಂವಿನಿಂದ ಝೆಲಿಯಾ ಕುಲಾಸೊ ಬಂದಳು,
ಸ್ಕೂಟರು, ರೇನ್‌ಕೋಟು, ಒಂದು ಹಾಳೆ.
ಅರ್ಧ ಕೊಂಕಣಿ, ಅರ್ಧ ಹಿಂದಿ:
ಮೂರು ವರ್ಷದ ಹಣ. ಮಕ್ಕಳಿಗಲ್ಲ, ಜಾಥಾಕ್ಕಲ್ಲ.
ನಿಮಗೆ. ನಿಮ್ಮ ಸಂಸ್ಥೆ ಒಳಗಿನಿಂದ ಗಟ್ಟಿಯಾಗಲು.
ಏನು ಬೇಕು, ಹೇಳಿ.

ನಾವು ಐದು ಜನ. ಯಾರೂ ಮಾತಾಡಲಿಲ್ಲ.
ಪಂಕ್ತಿಗೆಲ್ಲ ಬಡಿಸಿದವಳನ್ನು
ನೀನು ಉಂಡೆಯಾ ಎಂದು ಕೇಳಿದ ಹಾಗಾಯಿತು.
ಕೊನೆಗೆ ನಾನು ಬರೆದೆ: ಸ್ಲೇಟು, ಐವತ್ತು.
ಝೆಲಿಯಾ ಅದನ್ನು ಹೊಡೆದು ಹಾಕಿದಳು.
ಬರೆದೆ: ಹಾಲು. ಅದನ್ನೂ.
ಆಗ ಮೆಹಬೂಬಿ, ಗೋಡೆ ನೋಡುತ್ತಾ:
"ಪಾಯಖಾನಿಗೆ ಒಂದು ಬಾಗ್ಲ."
ನಕ್ಕೆವು. ನಗುನಗುತ್ತಲೇ ಹಾಳೆ ತುಂಬಿತು:
ತಿಂಗಳ ಪಗಾರ ತಿಂಗಳಿಗೇ. ಹೆರಿಗೆ ರಜೆ.
ಲೆಕ್ಕಕ್ಕೆ ಕಂಪ್ಯೂಟರು, ಅದನ್ನು ಕಲಿಸಲು ಒಬ್ಬ ಮನುಷ್ಯ.
ನೀಲಗಂಗವ್ವನ ತಲೆಯಲ್ಲಿರುವುದನ್ನೆಲ್ಲ
ಕೂತು ಕೇಳಿ ಬರೆದುಕೊಳ್ಳಲು ಆರು ತಿಂಗಳು.

ಎಲ್ಲ ಬರಲಿಲ್ಲ. ಕಂಪ್ಯೂಟರು ತಡವಾಯಿತು,
ಕಲಿಸಲು ಬಂದವನಿಗೆ ಕನ್ನಡವಿಲ್ಲ.
ನನ್ನ ಮೊದಲ ಪಗಾರ ಚೀಟಿಯಲ್ಲಿ
ರುದ್ರವ್ವ ಹೋಗಿ ರುದ್ರಪ್ಪ ಆಗಿದ್ದೆ;
ಆದರೂ ಮಡಚಿ ಇಟ್ಟುಕೊಂಡಿದ್ದೇನೆ.

ಏಪ್ರಿಲ್ ಒಂದು. ಹೊಸ ಪುಸ್ತಕ.
ಲೈಟ್ ಬಿಲ್ಲು, ಏಳುನೂರ ಹದಿನಾಲ್ಕು.
ಎದುರಿನ ವಿವರದ ಮನೆಯಲ್ಲಿ ಪೆನ್ನು ನಿಂತಿತು.
ಹನ್ನೆರಡು ವರ್ಷದ ರೂಢಿ, ಕೈ ಚಿತ್ರಕಲೆಯತ್ತ ಹೊರಟಿತ್ತು.
ತಡೆದು ಬರೆದೆ: ದೀಪ ಉರಿಸಿದ್ದಕ್ಕೆ.

ನೀಲಗಂಗವ್ವನಿಗೆ ವಾರಕ್ಕೊಂದು ರಜೆ ಈಗ.
ರಜೆಯ ದಿನವೂ ಬಂದು ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಾಳೆ.
"ಎರಡನೇ ಖಾನೇದಾಗ ನೋಡ!" ಕಿಟಕಿಯಿಂದ ಕೂಗುತ್ತಾಳೆ.
"ಪುಸ್ತಕದಾಗ ಬರದೈತಿ ಬೇ" ಅನ್ನುತ್ತೇನೆ.
ಸುಮ್ಮನಾಗುತ್ತಾಳೆ. ಸೆರಗಿನ ಗಂಟು ಮುಟ್ಟಿ ನೋಡುತ್ತಾಳೆ.
ಕೀಲಿಕೈ ಈಗ ಮೂರಿವೆ; ಅಲ್ಲಿರುವುದು ಒಂದು.