ದಾಟಿಸುವವಳು

ಎಂಟೂ ಇಪ್ಪತ್ತಕ್ಕೆ ಹಳದಿ ಕೋಟು ತೊಟ್ಟು
ಸ್ವಿಂಡನ್ನಿನ ಈ ಮೂಲೆಯಲ್ಲಿ ನಿಲ್ಲುತ್ತೇನೆ.
ಕೈಯಲ್ಲಿ ನನಗಿಂತ ಎತ್ತರದ ಕೋಲು,
ತುದಿಗೊಂದು ದುಂಡು ತಟ್ಟೆ: ನಿಲ್ಲಿ, ಮಕ್ಕಳು.
ಇದಕ್ಕೂ ಎರಡು ಮುಖ,
ಎರಡರಲ್ಲೂ ಒಂದೇ ಮಾತು.

ಹನ್ನೊಂದು ವರ್ಷದಲ್ಲಿ ಕಲಿತದ್ದು ಒಂದೇ ವಿದ್ಯೆ:
ಬರುವ ಗಾಡಿಯವರು ನನ್ನನ್ನು ಕಂಡರೋ ಇಲ್ಲವೋ
ದೂರದಿಂದಲೇ ಹೇಳಬಲ್ಲೆ.
ಹಾಲಿನ ವ್ಯಾನಿನ ಡೆಸ್ಮಂಡ್ ತಾನಾಗಿ ನಿಧಾನಿಸುತ್ತಾನೆ.
ಬೆಳ್ಳಿ ಕಾರಿನವಳು ತುಟಿಗೆ ಬಣ್ಣ ತೀಡುತ್ತಲೇ ಬರುತ್ತಾಳೆ,
ಅವಳಿಗೆ ಕೋಲನ್ನು ತುಸು ಮುಂದೆ ಚಾಚಬೇಕು.

ಕೆರಿಸ್ ಮಾತ್ರ ರಸ್ತೆ ನೋಡುವವಳಲ್ಲ.
ಹನ್ನೆರಡು ವರ್ಷ, ಬಿಚ್ಚಿದ ಲೇಸು,
ಅಂಗೈಯ ಬೆಳಕಿಗೆ ನೀಲಿಯಾದ ಮುಖ.
ಆ ಅಂಗೈಯಲ್ಲೂ ಒಂದು ರಸ್ತೆ.
ಅಲ್ಲಿ ಗಾಡಿಗಳಿಗೆ ದೀಪವಿಲ್ಲ, ಗಾಲಿಯ ಸದ್ದಿಲ್ಲ,
ನನ್ನ ವಿದ್ಯೆ ನಡೆಯದು.

ಫೆಬ್ರವರಿಯ ಒಂದು ಬೆಳಿಗ್ಗೆ ತಾನಾಗಿ ಕೇಳಿದಳು:
"ಸ್ಕೂಲಿನ ಬ್ಯಾಡ್ಜು ಕಾಣುವ ಫೋಟೋ ಕಳಿಸಿದರೆ ತಪ್ಪಾ?"
ಯಾರಿಗೆ ಎಂದೆ.
ಆಟದಲ್ಲಿ ಸಿಕ್ಕ ಹುಡುಗನಂತೆ, ಹದಿನಾಲ್ಕಂತೆ,
ಅವನಿಗೂ ಒಂದು ಕಂದು ನಾಯಿಯಂತೆ, ಥೇಟ್ ಇವಳದರ ಹಾಗೇ.
ದನಿ ಕೇಳಿದ್ದೀಯಾ? ಮೈಕು ಕೆಟ್ಟಿದೆಯಂತೆ.
ಮುಖ ನೋಡಿದ್ದೀಯಾ? ಕ್ಯಾಮೆರಾನೂ ಕೆಟ್ಟಿದೆಯಂತೆ.
"ಇಷ್ಟೆಲ್ಲ ಕೆಟ್ಟವನಿಗೆ
ಬೆರಳು ಮಾತ್ರ ನೆಟ್ಟಗಿದೆಯಾ, ಮಗಳೇ?"
ನಗಲಿಲ್ಲ.

ಈ ಅಂತೆಗಳೆಲ್ಲ ನಾನು ಸೇರಿಸಿಕೊಂಡವು.
ಅವಳ ಭಾಷೆಯಲ್ಲಿ ಆ ಎರಡಕ್ಷರವೇ ಇಲ್ಲ,
ಅವಳಿಗೆ ಎಲ್ಲವೂ ಇದೆ, ಇದೆ, ಇದೆ.
ಅಂತೆಕಂತೆಗಳ ಸಂತೆಯೊಳಗೆ
ನಂಬಿಕೆಯ ಪುಟ್ಟ ಚೀಲ ಹಿಡಿದು ಹೊರಟಿದ್ದಾಳೆ ಹುಡುಗಿ.
"ಯಾರಿಗೂ ಹೇಳಬೇಡ ಅಂದಿದ್ದಾನೆ," ಎಂದಳು,
"ಇದು ನಮ್ಮಿಬ್ಬರ ಗುಟ್ಟು."

ಬುದ್ಧಿಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.
ಬದಲಿಗೆ ನನ್ನದೇ ಗುಟ್ಟು ಬಿಚ್ಚಿದೆ:
ನಿಮ್ಮ ಪಾರ್ಸೆಲ್ ನಿಂತಿದೆ, ಇಲ್ಲಿ ಒತ್ತಿ
ಎಂದದ್ದನ್ನು ನಂಬಿ, ಒತ್ತಿ,
ಇನ್ನೂರ ಹದಿನಾರು ಪೌಂಡು ಕಳೆದುಕೊಂಡವಳು ನಾನು.
ಪಾರ್ಸೆಲ್ಲನ್ನೇ ತರಿಸಿರಲಿಲ್ಲ!
ದುಡ್ಡು ಹೋದ ಸಂಕಟ ಎಂಟು ದಿನ,
ಗಂಡನಿಗೆ ಹೇಳದೆ ಬಾಯಿ ಹೊಲಿದುಕೊಂಡದ್ದು ಎಂಟು ತಿಂಗಳು.
ಈಗ ನಕ್ಕಳು. ನಗುತ್ತಲೇ ಫೋನು ಚಾಚಿದಳು.

ಕನ್ನಡಕ ಮನೆಯಲ್ಲಿತ್ತು.
ನೀನೇ ಓದು, ಗಟ್ಟಿಯಾಗಿ, ಎಂದೆ.
ಮೊದಲ ಸಾಲು ಸಲೀಸು. ಎರಡನೆಯದು ನಾಯಿಯದು.
ಮೂರನೆಯದರ ನಡುವೆ ದನಿ ನಿಂತಿತು,
ಚಳಿಗೆ ಸೆಟೆದ ಎಂಜಿನ್ನಿನಂತೆ.
ರಾತ್ರಿ ರಜಾಯಿಯೊಳಗೆ ಸಿಹಿಯಾಗಿದ್ದದ್ದು
ಹಗಲಲ್ಲಿ, ತನ್ನ ಬಾಯಲ್ಲೇ, ಬೇರೆ ರುಚಿ.
"ಮುಂದಿನದು ಓದಬೇಕಾ?"
ಬೇಡ.
ಅಳಿಸಲೂ ಬೇಡ.

ಎಂಟೂ ಐವತ್ತೈದರವರೆಗೆ ಮೂಲೆ ಬಿಡುವಂತಿಲ್ಲ ನಾನು.
ಪಕ್ಕದಲ್ಲೇ ನಿಂತಳು ಕೋಟಿನ ಅಂಚು ಹಿಡಿದು,
ಚಿಕ್ಕ ಶಾಲೆಯ ಮಕ್ಕಳು ಕೈ ಕೈ ಹಿಡಿದು ದಾಟುವುದನ್ನು ನೋಡುತ್ತ.
ಆಮೇಲೆ ಮಿಸೆಸ್ ಪೆನ್‌ಫೋಲ್ಡರ ಕೋಣೆಗೆ ನಡೆದೆವು.
ಒಳಗೆ ಏನಾಯಿತೋ ಪೂರ್ತಿ ತಿಳಿಯದು.
ಬಾಗಿಲು ಮುಚ್ಚುವ ಮುನ್ನ ಕಿವಿಗೆ ಬಿದ್ದದ್ದು ಇಷ್ಟು:
"ಕೂತುಕೋ. ನಿನ್ನ ತಪ್ಪು ಏನೂ ಇಲ್ಲ."

ಮರುದಿನ ಅವಳು ನನ್ನ ಕಡೆ ನೋಡಲಿಲ್ಲ.
ಫೋನು ಅಮ್ಮನ ವಶವಂತೆ,
ಪೊಲೀಸರು ಬಂದು ಬರೆದುಕೊಂಡು ಹೋದರಂತೆ,
ನಾನು ಚಾಡಿ ಹೇಳಿದವಳಂತೆ.
ಈ ಅಂತೆಗಳು ನಿಜ.
ಇರಲಿ. ದಾಟಿಸಿದವಳ ಮೇಲೆ ಸಿಟ್ಟಾಗಬೇಕಾದರೂ
ಮೊದಲು ಆಚೆ ಬದಿ ಮುಟ್ಟಿರಬೇಕಲ್ಲ.

ಶುಕ್ರವಾರ ನಡುರಸ್ತೆಯಲ್ಲಿ
ಲೇಸು ಬಿಚ್ಚಿದೆ ನೋಡು, ಎಂದೆ.
ಮಾತಿಲ್ಲದೆ ಅಲ್ಲೇ ಬಗ್ಗಿ ಕಟ್ಟಿಕೊಳ್ಳತೊಡಗಿದಳು,
ಎರಡೆರಡು ಗಂಟು, ಬೇಕೆಂದೇ ನಿಧಾನವಾಗಿ.
ಕೋಲು ಇಳಿಸಲಿಲ್ಲ ನಾನು.
ಬೆಳ್ಳಿ ಕಾರಿನವಳು ಕಾದಳು,
ಬಣ್ಣದ ಕಡ್ಡಿ ಗಾಳಿಯಲ್ಲೇ ಹಿಡಿದು,
ಅರ್ಧ ತುಟಿ ಕೆಂಪು.